ಬೆನ್ನಿನ ತುದಿಯಲ್ಲೊಂದು ಕೋಗಿಲೆ

ನೀವು ಇದನ್ನು ಕೂತುಕೊಂಡು ಓದುತ್ತಿದ್ದೀರಿ ಎಂದುಕೊಳ್ಳುತ್ತೇನೆ. ಹಾಗಿದ್ದರೆ ಒಂದು ಮಾತು ಹೇಳಬೇಕು, ಗಾಬರಿಯಾಗಬೇಡಿ. ನೀವು ಈಗ ಕೂತಿರುವುದು ಒಂದು ಕೋಗಿಲೆಯ ಮೇಲೆ.

ಎದ್ದು ಕುರ್ಚಿ ಕೊಡವುವ ಅಗತ್ಯವಿಲ್ಲ. ಕೋಗಿಲೆ ಇರುವುದು ನಿಮ್ಮೊಳಗೆ. ಬೆನ್ನುಮೂಳೆ ಇಳಿಯುತ್ತ ಇಳಿಯುತ್ತ ಇನ್ನೇನು ಮುಗಿಯಿತು ಎನ್ನುವ ಜಾಗದಲ್ಲಿ ಕೊಕ್ಕನ್ನು ಒಳಕ್ಕೆ ಬಾಗಿಸಿಕೊಂಡು ಕೂತಿದೆ. ಡಾಕ್ಟರುಗಳು ಅದನ್ನು ಕಾಕ್ಸಿಕ್ಸ್ ಎನ್ನುತ್ತಾರೆ. ಹಳೆಯ ಗ್ರೀಕರ ಭಾಷೆಯಲ್ಲಿ ಆ ಮಾತಿಗೆ ಕೋಗಿಲೆ ಎಂದೇ ಅರ್ಥವಂತೆ. ಯಾವನೋ ಪುಣ್ಯಾತ್ಮ ಆ ಪುಟ್ಟ ಮೂಳೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, ಅರೆ, ಕೋಗಿಲೆಯ ಕೊಕ್ಕಿನ ಹಾಗಿದೆಯಲ್ಲ ಎಂದುಕೊಂಡನಂತೆ. ನಾವು ಕನ್ನಡದವರು ಅಷ್ಟು ದೂರ ಹೋಗದೆ ಬಾಲದ ಮೂಳೆ ಎಂದುಬಿಟ್ಟೆವು. ಬಾಲ ಹೋಗಿ ಎಷ್ಟೋ ಕಾಲವಾಗಿದೆ. ವರ್ಗವಾಗಿ ಹೋದ ಅಧಿಕಾರಿಯ ಹೆಸರು ಬಾಗಿಲ ಮೇಲೆ ಉಳಿದುಕೊಳ್ಳುವಂತೆ ಮೂಳೆ ಮಾತ್ರ ಉಳಿದುಕೊಂಡಿದೆ.

ನನಗೊಂದು ಅಭ್ಯಾಸವಿದೆ. ಕುರ್ಚಿ ಯಾವುದೇ ಇರಲಿ, ಅಂಗೈಯಿಂದ ಒಮ್ಮೆ ಒತ್ತಿ ನೋಡಿ ಆಮೇಲೆ ಕೂರುವುದು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮದುವೆಯ ಚೌಟ್ರಿಯಲ್ಲಿ ಎಲ್ಲ ಕಡೆಯೂ. ಮೊನ್ನೆ ಕ್ಯಾಂಟೀನಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವಳೊಬ್ಬಳು ಕೇಳಿಯೇಬಿಟ್ಟಳು: "ಏನ್ ಮೇಡಂ, ಮಾವಿನಹಣ್ಣು ಒತ್ತಿ ನೋಡ್ದಂಗೆ ನೋಡ್ತೀರಲ್ಲ, ಹಣ್ಣಾಗಿದ್ಯಾ ಕುರ್ಚಿ?"

ಪೀಣ್ಯದಲ್ಲಿ ಯಂತ್ರಗಳ ಹಲ್ಲುಚಕ್ರ, ಅಂದರೆ ಗೇರು ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಗುಣಮಟ್ಟ ಪರೀಕ್ಷಿಸುವವಳು. ಗೇರಿನ ಹಲ್ಲು ಸರಿಯಾಗಿದೆಯೇ ಇಲ್ಲವೇ ಎಂದು ಅಳೆದು ಹೇಳುವುದು ನನ್ನ ಕೆಲಸ. ಅಳೆದು ಅಳೆದು ಬಂದ ಚಟ ಎಂದು ಅವಳು ತಿಳಿದಿದ್ದಳು. ಹಾಗಲ್ಲ. ಇದು ಒಂದು ಸಲ ಬಿದ್ದದ್ದರಿಂದ ಬಂದ ಚಟ. ಆ ಬಿದ್ದ ಪೆಟ್ಟಿಗೆ ನನ್ನೊಳಗೆ ಏನೋ ಅಲುಗಾಡಿದ್ದು ಇವತ್ತಿಗೂ ಪೂರ್ತಿ ನಿಂತಿಲ್ಲ. ಆದ್ದರಿಂದ ನಿಧಾನವಾಗಿ, ನಾನು ಕಂಡಷ್ಟನ್ನೇ ಹೇಳುತ್ತೇನೆ. ಬಿದ್ದವಳು ನಾನು; ಅದರಿಂದ ಆನಂದಪಟ್ಟವರು ನಮ್ಮ ಅಪ್ಪಾಜಿ. ಹಾಗಾಗಿ ಮೊದಲು ಅವರ ವಿಷಯ.

ಅಪ್ಪಾಜಿ ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವರು. ಮನೆಯಲ್ಲಿ ಯಾರಿಗಾದರೂ ನೋವಾದರೆ ಉಳಿದವರು ಎಣ್ಣೆ ತರುತ್ತಿದ್ದರು, ಬಿಸಿನೀರು ತರುತ್ತಿದ್ದರು. ಅಪ್ಪಾಜಿ ನೋವಾದ ಜಾಗದ ಹೆಸರಿನ ಮೂಲ ತರುತ್ತಿದ್ದರು. ಚಿಕ್ಕವಳಿದ್ದಾಗ ಒಮ್ಮೆ ನನಗೆ ಕಿವಿನೋವು ಬಂತು. ಅಪ್ಪಾಜಿ ಪಕ್ಕದಲ್ಲಿ ಕೂತು, "ಕಿವಿಯೊಳಗೆ ಒಂದು ಬಸವನಹುಳು ಇದೆ ಗೊತ್ತೇನು ಶೈಲಾ? ಸುರುಳಿ ಸುತ್ಕೊಂಡಿರುತ್ತೆ. ಆ ಭಾಗಕ್ಕೆ ಲ್ಯಾಟಿನ್ನಲ್ಲಿ ಬಸವನಹುಳು ಅಂತಲೇ ಹೆಸರು" ಎಂದರು. ನಾನು ಹುಳು ಹೊಕ್ಕಿದೆ ಎಂದು ಕೇರಿಗೆಲ್ಲ ಕೇಳುವಂತೆ ಕಿರುಚಿಕೊಂಡೆ. ಅಜ್ಜಿ ಅಡುಗೆಮನೆಯಿಂದ ಓಡಿಬಂದರು. ಯಾವ ಹುಳು ಎಂದು ವಿಚಾರಿಸಿ, ನನ್ನ ಹಣೆಗೆ ವಿಭೂತಿ ಹಚ್ಚಿ, "ಬಸವನ ಹೆಸರಿನದು ತಾನೇ? ನಮ್ಮದೇ ಹುಳ. ಏನೂ ಮಾಡಲ್ಲ, ಮಲಕ್ಕ" ಎಂದರು. ಆಶ್ಚರ್ಯವೆಂದರೆ ನಾನು ಮಲಗಿದೆ.

ಹಾಲುಹಲ್ಲು ಬಿದ್ದಾಗಲೂ ಹೀಗೇ. ಹಲ್ಲಿಗೆ ಸಂಸ್ಕೃತದಲ್ಲಿ ದ್ವಿಜ ಎನ್ನುತ್ತಾರೆ, ಎರಡು ಸಲ ಹುಟ್ಟುವಂಥದ್ದು. ಹಕ್ಕಿಗೂ ಅದೇ ಹೆಸರು, ಒಮ್ಮೆ ಮೊಟ್ಟೆಯಾಗಿ, ಒಮ್ಮೆ ಮರಿಯಾಗಿ ಹುಟ್ಟುತ್ತದಲ್ಲ ಎಂದು ಅಪ್ಪಾಜಿ ವಿವರಿಸಿದರು. ನಾನು ಹಲ್ಲನ್ನು ಹೆಂಚಿನ ಮೇಲೆಸೆದು, ಅದು ಹಕ್ಕಿಯಾಗುವುದನ್ನು ನೋಡಲು ಅಂಗಳದಲ್ಲಿ ಸಂಜೆಯವರೆಗೂ ಕಾದೆ. ಕೊನೆಗೊಂದು ಕಾಗೆ ಬಂದು ಕೂತಿತು. ಅದು ನನ್ನದೇ ಎಂದು ಬಹಳ ದಿನ ನಂಬಿದ್ದೆ. ಅಕ್ಕಪಕ್ಕದ ಮಕ್ಕಳಿಗೂ ತೋರಿಸುತ್ತಿದ್ದೆ.

ದೊಡ್ಡಪ್ಪನ ಮಗ ಸೈಕಲ್ಲಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿದುಕೊಂಡಾಗ, ಆ ಮೂಳೆಯ ಹೆಸರಿಗೆ ಕೊಳಲು ಎಂಬ ಅರ್ಥವಿದೆ, ಹಿಂದೆ ಪ್ರಾಣಿಗಳ ಆ ಮೂಳೆಯಿಂದಲೇ ಕೊಳಲು ಮಾಡುತ್ತಿದ್ದರು ಎಂದು ಅಪ್ಪಾಜಿ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಹೇಳಿದರು. ಅವನು "ಚಿಕ್ಕಪ್ಪ, ನಂದು ಊದೋಕೆ ಕೊಡಲ್ಲ" ಎಂದು ಅತ್ತ. ಕತ್ತಿನ ಬುಡದ ಮೂಳೆಗೆ ಪುಟ್ಟ ಬೀಗದ ಕೈ ಎಂಬ ಹೆಸರು. ಕಿರುನಾಲಿಗೆಗೆ ಪುಟ್ಟ ದ್ರಾಕ್ಷಿ. ಆನೆಗೆ ಹಸ್ತಿ, ಅಂದರೆ ಕೈಯುಳ್ಳದ್ದು. ಹಾವಿಗೆ ಉರಗ, ಅಂದರೆ ಎದೆಯ ಮೇಲೆ ನಡೆಯುವುದು. ಹೀಗೆ ಕೇಳಿಕೊಂಡು ಬೆಳೆದ ನನಗೆ ಮನುಷ್ಯರ ಮೈ ಎಂದರೆ ಯಾರೋ ಅವಸರದಲ್ಲಿ ಮನೆ ಖಾಲಿ ಮಾಡುವಾಗ ಸಿಕ್ಕಿದ್ದನ್ನೆಲ್ಲ ತುಂಬಿದ ಗೋಣಿಚೀಲದಂತೆ ಕಾಣುತ್ತಿತ್ತು. ಕೊಳಲು, ಬೀಗದ ಕೈ, ಹಣ್ಣು, ಹುಳು, ಹಕ್ಕಿ ಎಲ್ಲ ಅದರಲ್ಲೇ.

ಕಣ್ಣಿನ ಪಾಠವೊಂದು ಮಾತ್ರ ನನಗೆ ತುಂಬ ಇಷ್ಟ. ಅಪ್ಪಾಜಿ ನನ್ನ ಮುಖದ ಹತ್ತಿರ ಮುಖ ತಂದು, "ಅಲ್ಲಾಡ್ಬೇಡ. ನಿನ್ನ ಕಣ್ಣಿನ ನಡುವೆ ಒಂದು ಗೊಂಬೆ ಇದೆ. ಅದು ನಾನು" ಎಂದರು. ನಾನೂ ನೋಡಿದೆ. ಅವರ ಕಣ್ಣಿನಲ್ಲಿಯೂ ಎರಡು ಜಡೆಯ ಗೊಂಬೆಯೊಂದಿತ್ತು. ಅದಕ್ಕೇ ನಮ್ಮವರು ಕಣ್ಣಪಾಪೆ ಎಂದರು, ಪಾಪೆ ಎಂದರೆ ಗೊಂಬೆ. ರೋಮಿನವರೂ ಅದಕ್ಕೆ ಪುಟ್ಟ ಗೊಂಬೆ ಎಂದೇ ಹೆಸರಿಟ್ಟರಂತೆ. ಅವರಿಗೂ ನಮಗೂ ಗುರುತು ಪರಿಚಯ ಇತ್ತೋ ಇಲ್ಲವೋ ತಿಳಿಯದು. ಇಬ್ಬರೂ ಎದುರಿಗಿದ್ದವರ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದ್ದರು ಎನ್ನುವುದಂತೂ ನಿಜ.

ನಿವೃತ್ತರಾದ ಮೇಲೆ ಅಪ್ಪಾಜಿ, ಅಮ್ಮ ಇಬ್ಬರೂ ನಾನಿದ್ದ ಫ್ಲ್ಯಾಟಿಗೆ ಬಂದರು. ತುಮಕೂರು ರಸ್ತೆಯುದ್ದಕ್ಕೂ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಒಮ್ಮೆ ಅಪ್ಪಾಜಿಯನ್ನು ಕಾರ್ಖಾನೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಕಬ್ಬಿಣ ಕಡೆಯುವ ಲೇತಿಗೆ ತಲೆ ಇದೆ, ಬಾಲ ಇದೆ, ಅದರಲ್ಲಿ ಕಬ್ಬಿಣವನ್ನು ಕಚ್ಚಿ ಹಿಡಿಯುವ ಚಕ್ಕಿಗೆ ದವಡೆ ಇದೆ, ಗೇರಿಗೆ ಹಲ್ಲಿದೆ ಎಂದು ನಮ್ಮ ಫೋರ್‌ಮನ್ ರಂಗಣ್ಣ ಒಂದೊಂದನ್ನೇ ಮುಟ್ಟಿ ತೋರಿಸಿದರು. ಅಪ್ಪಾಜಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ರಂಗಣ್ಣ, ಇದು ಫ್ಯಾಕ್ಟರಿ ಅಲ್ಲಪ್ಪ, ಮೃಗಾಲಯ!" ಎಂದರು. ರಂಗಣ್ಣ ಸುತ್ತ ನಿಂತಿದ್ದ ಆಪರೇಟರುಗಳನ್ನೊಮ್ಮೆ ನೋಡಿ, "ಅದು ನಮ್ಗೆ ಮೊದ್ಲೇ ಗೊತ್ತಿತ್ತು ಸಾರ್" ಎಂದರು.

ಈಗ ಬೀಳುತ್ತೇನೆ.

ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಸಾಮಾನ್ಯ ಸಂಗತಿಯಲ್ಲ. ಒಂದೊಂದು ಶೆಡ್ಡಿನ ಮುಂದೆಯೂ ಬಾಳೆಕಂಬ. ಎಣ್ಣೆ ಕುಡಿದು ಕರಿಯಾಗಿದ್ದ ಯಂತ್ರಗಳೆಲ್ಲ ಅಂದು ವಿಭೂತಿ ಕುಂಕುಮ ಹಚ್ಚಿಕೊಂಡು ಸೇವಂತಿಗೆ ಹಾರ ಹಾಕಿಕೊಂಡು ಮದುವೆಗೆ ನಿಂತ ಹಾಗೆ ನಿಂತಿರುತ್ತವೆ. ಪೂಜೆ ಮುಗಿದ ಮೇಲೆ ದೃಷ್ಟಿ ತೆಗೆಯಲು ಬೂದುಗುಂಬಳ ಒಡೆಯಬೇಕು. ಕಾಯಿಗೆ ತೂತು ಕೊರೆದು, ಒಳಗೆ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಬಾಗಿಲಿನಲ್ಲಿ ನಿವಾಳಿಸಿ ನೆಲಕ್ಕೆ ಅಪ್ಪಳಿಸುವುದು. ವರ್ಷವಿಡೀ ಯಾರಿಗೂ ಅಪಘಾತವಾಗದಿರಲಿ ಎಂಬುದು ಅದರ ಉದ್ದೇಶ. ಅಪ್ಪಳಿಸಿದ ಮೇಲೆ ಬಾಗಿಲಿನಲ್ಲಿ ಉಳಿಯುವುದು ಕೆಂಪು ನೀರು, ಲೋಳೆ, ಬೀಜ. ಊರಿನಲ್ಲಿ ಅದಕ್ಕಿಂತ ಜಾರುವ ವಸ್ತು ಇನ್ನೊಂದಿರಲಾರದು.

ಆ ವರ್ಷ ಕಾರ್ಖಾನೆಯ ಸುರಕ್ಷತೆಯ ಜವಾಬ್ದಾರಿಯನ್ನೂ ನನಗೇ ಕೊಟ್ಟಿದ್ದರು. ರಂಗಣ್ಣ ಕುಂಬಳಕಾಯಿ ಒಡೆದ ಕೂಡಲೇ ನಾನು ಒಳಗೆ ಹೋಗಿ 'ಎಚ್ಚರಿಕೆ, ನೆಲ ಜಾರುತ್ತದೆ' ಎಂಬ ಹಳದಿ ಫಲಕ ತಂದು ಆ ಲೋಳೆಯ ಪಕ್ಕದಲ್ಲಿ ನಿಲ್ಲಿಸಿದೆ. ಅದು ಸ್ವಲ್ಪ ವಾಲಿದಂತೆ ಕಂಡಿತು. ಸರಿಪಡಿಸಿದೆ. ಈಗ ನೆಟ್ಟಗಿದೆಯೇ ಎಂದು ನೋಡಲು ಒಂದು ಹೆಜ್ಜೆ ಹಿಂದಿಟ್ಟೆ.

ಫಲಕದಲ್ಲಿ ಬರೆದದ್ದು ಅಕ್ಷರಶಃ ನಿಜವಾಗಿತ್ತು.

ಮೊದಲು ಆಕಾಶ ಕಂಡಿತು. ಆಮೇಲೆ ಬಾಗಿಲಿನ ಮಾವಿನ ತೋರಣ, ತಲೆಕೆಳಗಾಗಿ. ಆಮೇಲೆ ಬೆನ್ನಿನ ತುದಿಯಿಂದ ಹೊರಟ ಮಿಂಚೊಂದು ಹಲ್ಲಿನವರೆಗೆ ಬಂದು ನಿಂತಿತು. ರೇಷ್ಮೆ ಸೀರೆಯ ತುಂಬ ಕೆಂಪು. ಯಾರೋ "ರಕ್ತ! ರಕ್ತ! ಮೇಡಂ ಹೋದ್ರು!" ಎಂದು ಕೂಗಿದರು. ಕೈಯಲ್ಲಿ ಪುರಿ-ಕಡಲೆ ಪೊಟ್ಟಣ ಹಿಡಿದಿದ್ದವರೆಲ್ಲ ಓಡಿಬಂದರು. ಓಡಿಬಂದವರಲ್ಲಿ ಇಬ್ಬರು ನನ್ನ ಪಕ್ಕದಲ್ಲೇ ಬಿದ್ದರು.

"ಏ, ಅದು ಕುಂಕ್ಮ ಕಣ್ರೋ!" ರಂಗಣ್ಣ ಎಲ್ಲರನ್ನೂ ತಳ್ಳಿಕೊಂಡು ಬಂದರು. ನನ್ನನ್ನು ಎತ್ತಿ ನಿಲ್ಲಿಸಿ, "ಎಲ್ಲಿ ಪೆಟ್ಟಾಯ್ತು ಮೇಡಂ?" ಎಂದು ಕೇಳಿದರು. ನಾನು ಉತ್ತರ ಹುಡುಕುತ್ತಿದ್ದೆ. ಅವರಿಗೇ ಅರ್ಥವಾಯಿತು. "ಇಂಗಾಗಿದ್ದೇ ಒಳ್ಳೇದಾಯ್ತು ಬಿಡಿ. ಕಾಯಿ ಸರಿಯಾಗಿ ಕೆಲ್ಸ ಮಾಡೈತೆ. ಅದು ಒಡೀದೆ ಇದ್ದಿದ್ರೆ ತಲೆಗೇ ಬರ್ತಿತ್ತು. ಕುಂಡಿಲಿ ಮುಗೀತು."

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕಾಕ್ಸಿಕ್ಸ್ ಬಿರುಕು ಬಿಟ್ಟಿದೆ, ಇದಕ್ಕೆ ಪ್ಲಾಸ್ಟರ್ ಹಾಕಲು ಬರುವುದಿಲ್ಲ, ಕೆಲವು ವಾರ ಗಟ್ಟಿ ಜಾಗದಲ್ಲಿ ಕೂರಲೇಬಾರದು ಎಂದರು. ನನ್ನ ಪಕ್ಕದಲ್ಲಿದ್ದ ಅಪ್ಪಾಜಿಯ ಮುಖ ಮೆಲ್ಲಗೆ ಅರಳುತ್ತಿರುವುದನ್ನು ನಾನು ನೋಡಿದೆ. ಮಗಳು ಮೂಳೆ ಮುರಿದುಕೊಂಡಿದ್ದಾಳೆ ಎಂಬ ಸಂಕಟ ಒಂದು ಕಡೆ, ಆ ಮೂಳೆ ಇದೇ ಆಗಿರುವ ಭಾಗ್ಯ ಇನ್ನೊಂದು ಕಡೆ.

"ಶೈಲಾ, ಕೋಗಿಲೆ!" ಎಂದರು.

"ಎಲ್ಲಿ ಸಾರ್?" ಎಂದು ಡಾಕ್ಟರು ಕಿಟಕಿಯ ಕಡೆ ತಿರುಗಿದರು.

ಅಪ್ಪಾಜಿ ಕೊಕ್ಕಿನಿಂದ ಶುರುಮಾಡಿದರು. ಅದರ ಮೇಲಿರುವ ಮೂಳೆಗೆ ಪವಿತ್ರ ಮೂಳೆ ಎಂಬ ಹೆಸರು, ಅಲ್ಲಿಂದ ಇಳಿಯುವ ನರಗಳ ಗೊಂಚಲಿಗೆ ಕುದುರೆಯ ಬಾಲ ಎಂಬ ಹೆಸರು, ಒಟ್ಟಿನಲ್ಲಿ ಪವಿತ್ರವಾದ ಜಾಗದಲ್ಲಿ ಒಂದು ಕುದುರೆ, ಒಂದು ಕೋಗಿಲೆ ಎಂದು ಮುಗಿಸುವಷ್ಟರಲ್ಲಿ ಡಾಕ್ಟರು ಗಂಟೆ ಒತ್ತಿ ಮುಂದಿನವರನ್ನು ಕರೆದಾಗಿತ್ತು.

ಇಷ್ಟಾಗಿದ್ದರೆ ಇದು ಬರೀ ಬಿದ್ದ ಕಥೆ. ಕಷ್ಟವೇನೆಂದರೆ ಆ ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ಸುತ್ತುಬಳಸದೆ ಹೇಳಿಬಿಡುತ್ತೇನೆ: ನನಗೆ ಆ ಹುಡುಗ ಬೇಕಾಗಿತ್ತು. ಅವರ ಹೆಸರು ಪ್ರಕಾಶ. ಬೆಳ್ಳಂದೂರಿನ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕೊಳಕು ನೀರು ಶುದ್ಧ ಮಾಡುವ ಘಟಕಗಳನ್ನು ನೋಡಿಕೊಳ್ಳುವ ಎಂಜಿನಿಯರು. ನಮ್ಮ ಸಂಬಂಧಿಕರ ಗೃಹಪ್ರವೇಶದಲ್ಲಿ ಒಮ್ಮೆ ಕಂಡಿದ್ದೆ. ಊಟದ ನಡುವೆ ಮಾಳಿಗೆಯ ಟ್ಯಾಂಕು ತುಂಬಿ ನೀರು ಪಂಕ್ತಿಯ ಮೇಲೆ ಸುರಿಯತೊಡಗಿದಾಗ, ಎಲ್ಲರೂ ಮೋಟಾರು ಆರಿಸಿ ಎಂದು ಕೂಗುತ್ತ ಕೂತಿದ್ದರು. ಈ ಮನುಷ್ಯ ಎಡಗೈಯಲ್ಲಿ ಪಂಚೆ ಎತ್ತಿಕೊಂಡು ಓಡಿದರು. ತೊಪ್ಪೆಯಾಗಿ ವಾಪಸು ಬಂದು, ಅದೇ ಎಲೆಯ ಮುಂದೆ ಕೂತು, ನೀರು ಬಿದ್ದ ಹೋಳಿಗೆಯನ್ನು ನಗುತ್ತ ತಿಂದು ಮುಗಿಸಿದರು. ಆ ನಗುವನ್ನು ನಾನು ಬಹಳ ಹೊತ್ತು ನೋಡಿದ್ದೆ.

ಅಮ್ಮ ಎರಡು ಕಟ್ಟಪ್ಪಣೆ ಹೊರಡಿಸಿದರು. ಒಂದು ನನಗೆ. ಬಿದ್ದದ್ದು, ಮುರಿದದ್ದು ಯಾವುದನ್ನೂ ಹೇಳಕೂಡದು. "ಬೆನ್ನುಮೂಳೆ ಮುರಿದ ಹುಡುಗಿ ಅಂತ ಒಂದ್ಸಲ ಬಾಯಿಗೆ ಬಿದ್ರೆ ಮುಗೀತು. ಯಾವ ಮೂಳೆ, ಎಷ್ಟು ಮುರಿದಿದೆ ಅಂತ ಯಾರೂ ಕೇಳಲ್ಲ." ಇನ್ನೊಂದು ಅಪ್ಪಾಜಿಗೆ. "ಏನ್ರೀ, ಅವರು ಬಂದು ಹೋಗೋವರೆಗೂ ನಿಮ್ ಬಾಯಲ್ಲಿ ಒಂದು ಪ್ರಾಣಿ ಬರಬಾರದು. ಒಂದು ಅಂಗ ಬರಬಾರದು. ಆ ದೇವರ ಮುಂದೆ ಕೈಯಿಟ್ಟು ಹೇಳ್ರಿ."

ಅಮ್ಮನ ಎರಡನೆಯ ಅಪ್ಪಣೆಗೆ ಕಾರಣವಿತ್ತು. ಹಿಂದೆ ಬಂದಿದ್ದ ಗಂಡಿನ ತಂದೆ ತಮ್ಮ ಮಗ ಜಿಮ್ಮಿನಲ್ಲಿ ಬೆಳೆಸಿದ ತೋಳುಗಳನ್ನು ಹೊಗಳುತ್ತಿದ್ದಾಗ ಅಪ್ಪಾಜಿ, ಮಸಲ್ ಎಂಬ ಮಾತಿಗೆ ಪುಟ್ಟ ಇಲಿ ಎಂದು ಅರ್ಥ, ಚರ್ಮದ ಕೆಳಗೆ ಇಲಿ ಓಡಾಡಿದ ಹಾಗೆ ಕಾಣುತ್ತದಲ್ಲ ಎಂದಿದ್ದರು. "ನಿಮ್ಮ ಹುಡುಗನ ಹತ್ರ ಬೇಕಾದಷ್ಟು ಇಲಿ ಇದಾವೆ ಬಿಡಿ" ಎಂದು ಮೆಚ್ಚುಗೆಯಿಂದಲೇ ಹೇಳಿದ್ದರು. ಅವರು ಕಾಫಿ ಕುಡಿಯದೆ ಎದ್ದು ಹೋದರು.

ಭಾನುವಾರ ಬಂದವರು ಮೂವರು: ಪ್ರಕಾಶ, ಅವರ ತಾಯಿ ಗೌರಮ್ಮ, ಗೌರಮ್ಮನ ತಮ್ಮನಾದ ಸೋದರಮಾವ. ನಾನು ಉಪ್ಪಿಟ್ಟು ಕೇಸರಿಬಾತು ತಂದಿಟ್ಟು ಗೋಡೆಗೆ ಒರಗಿ ನಿಂತೆ.

"ಕೂತ್ಕಳವ್ವ" ಎಂದರು ಗೌರಮ್ಮ.

"ಪರವಾಗಿಲ್ರಿ."

"ಅದ್ಯಾಕೆ, ಕೂತ್ಕ."

ಅಮ್ಮ ನಡುವೆ ಬಂದರು. "ಅವಳಿಗೆ ಹಿರಿಯರ ಮುಂದೆ ಕೂತು ರೂಢಿ ಇಲ್ರಿ."

ಸೋದರಮಾವ ಚಮಚ ಕೆಳಗಿಟ್ಟರು. "ನೋಡಕ್ಕ! ಬೆಂಗಳೂರಲ್ಲಿ, ಅದೂ ಕೆಲಸಕ್ಕೆ ಹೋಗೋ ಹುಡುಗಿ! ಈ ಕಾಲದಲ್ಲಿ ಎಲ್ಲಿ ಸಿಗುತ್ತೆ ಇಂಥಾ ಸಂಸ್ಕಾರ?" ನಿಂತಷ್ಟೂ ನನ್ನ ಬೆಲೆ ಏರುತ್ತಿತ್ತು. ಪ್ರಕಾಶ ಸೋಫಾದ ಅಂಚಿಗೆ ಸರಿದು, "ನೀವು ಕೂತ್ಕೊಳ್ಳಿ, ಬೇಕಾದ್ರೆ ನಾನು ನಿಂತ್ಕೋತೀನಿ" ಎಂದರು. ನಾನು ಮುಗುಳ್ನಕ್ಕೆ. ನಗಲು ಆ ಮೂಳೆ ಬೇಕಾಗುವುದಿಲ್ಲ.

ಅತ್ತ ಅಪ್ಪಾಜಿಯ ಸ್ಥಿತಿ ನನ್ನದಕ್ಕಿಂತ ಕಷ್ಟದ್ದಾಗಿತ್ತು. ಸೋದರಮಾವನ ಎರಡು ಕಿವಿಯಿಂದಲೂ ಕೂದಲು ಗೊಂಚಲು ಗೊಂಚಲಾಗಿ ಹೊರಗೆ ಬಂದಿತ್ತು. ಕಿವಿಯ ತೂತಿನ ಮುಂದಿರುವ ಆ ಪುಟ್ಟ ಉಬ್ಬಿಗೆ ಗ್ರೀಕರು ಹೋತ ಎಂದು ಹೆಸರಿಟ್ಟಿದ್ದಾರೆ, ವಯಸ್ಸಾದ ಗಂಡಸರಲ್ಲಿ ಅಲ್ಲಿ ಹೋತದ ಗಡ್ಡದಂತೆ ಕೂದಲು ಬರುವುದರಿಂದ. ಇದು ನನಗೂ ಗೊತ್ತಿತ್ತು. ಅಪ್ಪಾಜಿ ಆ ಗಡ್ಡವನ್ನೇ ನೋಡುತ್ತಿದ್ದರು. ಪೂಜಾರಿಯ ಕೈಗೆ ಕರ್ಪೂರ ಕೊಟ್ಟು ಹಚ್ಚಬೇಡ ಎಂದ ಹಾಗಾಗಿತ್ತು.

ಸಾಲದೆಂಬಂತೆ ಸೋದರಮಾವನೇ ಕೆಣಕಿದರು. "ಸಾರ್, ನೀವು ಪ್ರಾಣಿಗಳ ವಿಷಯ ಓದಿದವರಂತೆ. ಹಲ್ಲಿ ಬಾಲ ಉದುರಿಸಿ ಓಡಿಹೋಗುತ್ತಲ್ಲ, ಅದು ಮತ್ತೆ ಬೆಳೆಯುತ್ತಾ?"

ಅಪ್ಪಾಜಿ ಅಮ್ಮನ ಕಡೆ ನೋಡಿದರು. ಅಮ್ಮ ದೇವರ ಗೂಡಿನ ಕಡೆ ನೋಡಿದರು.

"ಗೊತ್ತಿಲ್ರಿ" ಎಂದರು ಅಪ್ಪಾಜಿ. ಒಂದು ಜೀವಮಾನ ಪಾಠ ಹೇಳಿದ ಮನುಷ್ಯ ಹೀಗೆಂದು, ನೀರಿನ ಲೋಟ ಎತ್ತಿ ಗಟಗಟ ಕುಡಿದರು.

ಅಷ್ಟರಲ್ಲಿ ಗೌರಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು: "ನಮಗಂತೂ ಒಪ್ಪಿಗೆ ಆಯ್ತು. ಪ್ರಕಾಶಂಗೂ ಆಗಿದೆ, ಮುಖ ನೋಡಿದ್ರೇ ಗೊತ್ತಾಗುತ್ತೆ. ಉಡಿ ಸಾಮಾನು ತಂದೇ ಬಂದಿದೀನಿ. ಮಣೆ ಹಾಕ್ರಿ, ಇವತ್ತೇ ತುಂಬಿಬಿಡ್ತೀನಿ."

ನಮ್ಮ ಕಡೆ ಹುಡುಗಿ ಮೆಚ್ಚಿಗೆಯಾದರೆ ಗಂಡಿನ ತಾಯಿ ಆಗಲೇ ಉಡಿ ತುಂಬುವುದುಂಟು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಅವಳ ಸೆರಗಿನ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ ಇಟ್ಟರೆ ಮಾತು ಗಟ್ಟಿಯಾದಂತೆ. ಅಮ್ಮನ ಲೆಕ್ಕದಲ್ಲಿ ಇದು ಇನ್ನೊಂದು ತಿಂಗಳಿಗೆ ಆಗಬೇಕಾದ ಕೆಲಸ. ನಿಂತೇ ಗೆದ್ದ ನನ್ನ ಸಂಸ್ಕಾರ ಅದನ್ನು ಅಂದೇ ತಂದು ನಿಲ್ಲಿಸಿತ್ತು. ಬೇಡ ಎಂದರೆ ಅಪಶಕುನ. ಅಮ್ಮ ಬೇರೆ ದಾರಿ ಕಾಣದೆ ಅಡುಗೆಮನೆಯಿಂದ ಮಣೆ ತಂದು ಹಾಕಿದರು. ನಮ್ಮ ಅಜ್ಜಿಯ ಕಾಲದ ಹಲಸಿನ ಮರದ ಮಣೆ. ಕಬ್ಬಿಣಕ್ಕಿಂತ ಗಟ್ಟಿ.

"ಬಾರವ್ವ, ಕುಂತ್ಕ."

ನಾನು ಮಣೆಯ ಹತ್ತಿರ ಹೋದೆ. ಮೊಣಕಾಲು ಸ್ವಲ್ಪ ಬಗ್ಗಿಸಿದೆ. ಕೋಗಿಲೆ ಕೂಗಿತು. ನೆಟ್ಟಗಾದೆ.

"ಇನ್ನೂ ನಾಚಿಕೆಯಾ? ಕುಂತ್ಕ."

ಮತ್ತೆ ಬಗ್ಗಿದೆ. ಮತ್ತೆ ನೆಟ್ಟಗಾದೆ. ಗೌರಮ್ಮನ ಕೈಯಲ್ಲಿದ್ದ ತೆಂಗಿನಕಾಯಿ ಹಾಗೇ ನಿಂತಿತು. ಅಮ್ಮ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಸೋದರಮಾವ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ಹುಡುಗಿಗೆ ಮನಸ್ಸಿಲ್ಲ ಅಂತ ಕಾಣುತ್ತಕ್ಕ. ಬಲವಂತ ಬೇಡ. ಏಳು, ಹೊರಡಾಣ."

ಗೌರಮ್ಮ ತೆಂಗಿನಕಾಯಿಯನ್ನು ಚೀಲಕ್ಕೆ ವಾಪಸು ಹಾಕಿದರು. ಪ್ರಕಾಶ ನೆಲ ನೋಡುತ್ತಿದ್ದರು. ಆ ಮುಖದಲ್ಲಿ ನಗುವಿರಲಿಲ್ಲ. ನಗುವಿಲ್ಲದ ಆ ಮುಖ ನನಗೆ ಗುರುತೇ ಸಿಗಲಿಲ್ಲ. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ.

"ಮನಸ್ಸಿದೆ. ಮೂಳೆ ಸರಿಯಿಲ್ಲ" ಎಂದೆ.

ಅಮ್ಮ ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು. ನಾನು ಎಲ್ಲವನ್ನೂ ನಡೆದ ಕ್ರಮದಲ್ಲಿ, ಒಂದನ್ನೂ ಬಿಡದೆ ಹೇಳಿದೆ. ಆಯುಧಪೂಜೆ, ಕುಂಬಳಕಾಯಿ, ಹಳದಿ ಫಲಕ, ಅದರಲ್ಲಿ ಬರೆದಿದ್ದ ಮಾತು, ಅದು ವಾಲಿದ್ದು, ನಾನು ನೆಟ್ಟಗೆ ಮಾಡಿದ್ದು, ನೋಡಲು ಹಿಂದೆ ಸರಿದದ್ದು, ಪಕ್ಕದಲ್ಲಿ ಇಬ್ಬರು ಬಂದು ಬಿದ್ದದ್ದು. ಮುರಿದದ್ದು ಬಾಲದ ಮೂಳೆ, ಬಿರುಕು ಸಣ್ಣದು, ವಾಸಿಯಾಗುತ್ತದೆ ಎಂದೂ ಹೇಳಿದೆ.

ಪ್ರಕಾಶ ಮೊದಲು ಮೂಗಿನಲ್ಲಿ ಒಂದು ಸದ್ದು ಮಾಡಿದರು. ತಡೆದುಕೊಳ್ಳಲು ಬಹಳ ಪ್ರಯತ್ನಪಟ್ಟರು, ಅದನ್ನೂ ನಾನು ನೋಡಿದೆ. ಕೊನೆಗೆ ಕಣ್ಣೊರೆಸಿಕೊಳ್ಳುತ್ತ ಒಂದೇ ಒಂದು ಪ್ರಶ್ನೆ ಕೇಳಿದರು.

"ಬೋರ್ಡು ನೆಟ್ಟಗಿತ್ತಾ?"

"ಇತ್ತು. ಬಿದ್ದ ಮೇಲೂ ನೋಡಿದೆ."

ಗೌರಮ್ಮನಿಗೆ ನಗು ಬಂದದ್ದು ಆಗ. ಆಮೇಲೆ ಚೀಲದಿಂದ ತೆಂಗಿನಕಾಯಿ ಮತ್ತೆ ಹೊರಗೆ ಬಂತು. "ಅಲ್ರೀ, ಮೂಳೆ ನೋವು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ನಾನೇನು ಮೂಳೆಗೆ ಉಡಿ ತುಂಬ್ತೀನಾ?" ಎಂದು ಅಮ್ಮನನ್ನು ಗದರಿದರು.

ಅಮ್ಮ ಒಳಗೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿ ಗಾಳಿ ಬಿಟ್ಟು ಚಪ್ಪಟೆ ಮಾಡಿದ್ದ ರಬ್ಬರಿನ ವಸ್ತುವೊಂದಿತ್ತು. ಗಾಳಿ ತುಂಬಿದರೆ ದೊಡ್ಡ ಉದ್ದಿನ ವಡೆಯಂತಾಗುತ್ತದೆ. ನಡುವಿನ ತೂತಿನಿಂದಾಗಿ ಮೂಳೆಗೆ ತಾಗುವುದಿಲ್ಲ. ನನ್ನಂಥವರು ಕೂರಲೆಂದೇ ಔಷಧಿ ಅಂಗಡಿಯಲ್ಲಿ ಮಾರುತ್ತಾರೆ. ಬಂದವರ ಕಣ್ಣಿಗೆ ಬೀಳದಿರಲೆಂದು ಅಮ್ಮ ಅದನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದರು.

"ಮಣೆ ಮೇಲೆ ಟ್ಯೂಬಾ?" ಎಂದರು ಸೋದರಮಾವ.

"ಮಣೆ ಮೇಲೆ ಚಾಪೆ ಹಾಸಲ್ವೇನೋ? ಹಂಗೇ ಇದೂ" ಎಂದರು ಗೌರಮ್ಮ.

ಊದುವವರು ಯಾರು? ಅಮ್ಮನಿಗೆ ಉಬ್ಬಸ. ಅಪ್ಪಾಜಿಗೆ ವಯಸ್ಸಾಗಿತ್ತು. ಪ್ರಕಾಶ ಕೈ ಚಾಚಿ ತೆಗೆದುಕೊಂಡು, ನಳಿಗೆಗೆ ಬಾಯಿಟ್ಟು ಊದತೊಡಗಿದರು. ಕೆನ್ನೆಗಳು ಎರಡು ಕಡೆಯೂ ಚೆಂಡಿನಂತೆ ಉಬ್ಬಿದವು. ಅಪ್ಪಾಜಿ ತುದಿಗಾಲಲ್ಲಿ ಕೂತು ಆ ಕೆನ್ನೆಗಳನ್ನೇ ನೋಡುತ್ತಿದ್ದರು. ಅಮ್ಮ ಅವರನ್ನು ಒಂದು ಕ್ಷಣ ನೋಡಿ ನಿಟ್ಟುಸಿರು ಬಿಟ್ಟರು.

"ಹೇಳ್ರಿ. ಹೇಳಿಬಿಡ್ರಿ. ಎದೆ ಒಡ್ಕೊಂಡೀರಾ."

"ಆ ಕೆನ್ನೆಯ ಸ್ನಾಯುವಿಗೆ" ಎಂದರು ಅಪ್ಪಾಜಿ, "ಲ್ಯಾಟಿನ್ನಲ್ಲಿ ಕಹಳೆ ಊದುವವನು ಅಂತ ಹೆಸರು!"

ಪ್ರಕಾಶನಿಗೆ ನಗು ಬಂದು ತುಂಬಿದ ಗಾಳಿಯೆಲ್ಲ ಪುಸ್ಸೆಂದು ಹೊರಗೆ ಹೋಯಿತು. ಮತ್ತೆ ಊದಿದರು. ಅಪ್ಪಾಜಿ ಹಲ್ಲಿಯ ಬಾಲ ಬೆಳೆಯುತ್ತದೆ ಎಂದು ಸೋದರಮಾವನ ಕೈ ಹಿಡಿದು ಕ್ಷಮೆ ಕೇಳುವವರಂತೆ ಹೇಳಿದರು. ಆಮೇಲೆ ಕಿವಿಯ ವಿಷಯವೂ ಬಂತು. ಹೋತ ಎಂಬ ಮಾತೂ ಬಿತ್ತು. ಸೋದರಮಾವ ಬೆರಳಿನಿಂದ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು.

"ಕತ್ತರಿಸ್ಕ, ಕತ್ತರಿಸ್ಕ ಅಂತ ನಾನೂ ಹೇಳ್ತಾನೇ ಇದೀನಿ. ಗ್ರೀಕರೂ ಹೇಳಿದ್ರಂತೆ, ನೋಡು" ಎಂದರು ಗೌರಮ್ಮ.

ಊದಿ ಮುಗಿದ ಮೇಲೆ ನಳಿಗೆಯ ಬಿರಡೆ ಎಲ್ಲಿ ಎಂಬ ಪ್ರಶ್ನೆ ಬಂತು. ಅಮ್ಮ ಅದನ್ನು ಜೋಪಾನವಾಗಿ ಬೇರೆ ಕಡೆ ಇಟ್ಟಿದ್ದರು. ಎಲ್ಲಿ ಎಂದು ನೆನಪಾಗಲಿಲ್ಲ. ಮುಹೂರ್ತ ಕಾಯುವುದಿಲ್ಲ ಎಂದು ಸೋದರಮಾವ ಅವಸರಿಸಿದರು. ಪ್ರಕಾಶ ನಳಿಗೆಯ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಟ್ಯೂಬನ್ನು ಮಣೆಯ ಮೇಲಿಟ್ಟರು. ನಾನು ಮೆಲ್ಲಗೆ ಬಗ್ಗಿದೆ. ಕೂತೆ.

ಬೆರಳು ಅಲ್ಲಿರಬೇಕಾದ್ದರಿಂದ ಅವರೂ ಅಲ್ಲೇ, ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಏ ಪ್ರಕಾಶ, ಮದುವೆಗೆ ಮೊದಲು ಹಂಗೆ ಪಕ್ಕದಲ್ಲಿ ಕೂರಂಗಿಲ್ಲ ಕಣೋ" ಎಂದರು ಸೋದರಮಾವ.

"ಬಿಟ್ರೆ ಗಾಳಿ ಹೋಗುತ್ತೆ ಮಾವ."

ಗೌರಮ್ಮ ನನ್ನ ಮಡಿಲಿಗೆ ಅಕ್ಕಿ ಹಾಕಿದರು, ತೆಂಗಿನಕಾಯಿ ಇಟ್ಟರು, ಹಣೆಗೆ ಕುಂಕುಮ ಇಟ್ಟರು. ಎಲ್ಲ ಮುಗಿದು ಹಿರಿಯರು ಇನ್ನೊಂದು ಸುತ್ತು ಕಾಫಿಗೆಂದು ಎದ್ದರು. ಅಷ್ಟರಲ್ಲಿ ಒಳಗಿನಿಂದ "ಸಿಕ್ತು, ಸಿಕ್ತು!" ಎಂದು ಅಮ್ಮ ಓಡಿಬಂದರು. ಕೈಯಲ್ಲಿ ಬಿರಡೆ. ಉಪ್ಪಿನ ಭರಣಿಯಲ್ಲಿ ಇಟ್ಟಿದ್ದರಂತೆ. ಅದನ್ನು ಪ್ರಕಾಶನ ಮುಂದೆ ಹಿಡಿದರು.

ಪ್ರಕಾಶ ಬಿರಡೆಯನ್ನು ನೋಡಿದರು. ನನ್ನನ್ನು ನೋಡಿದರು.

"ಇರ್ಲಿ ಬಿಡಿ ಅತ್ತೆ" ಎಂದರು. ಬೆರಳು ತೆಗೆಯಲಿಲ್ಲ.